ಅತ್ತೆಯವರ ವೀಣೆಯೂ ನನ್ನ ಕೊಬ್ಬರಿ ಎಣ್ಣೆಯೂ

ನಿಮ್ಮ ಮನೆಯಲ್ಲಿ ವೀಣೆ ಇದೆಯೇ? ಇದ್ದರೆ ಅದನ್ನು ಕೊನೆಯ ಸಲ ಯಾವಾಗ ಒರೆಸಿದಿರಿ, ಏನು ಹಾಕಿ ಒರೆಸಿದಿರಿ ಅಂತ ಒಂದು ಗಳಿಗೆ ನೆನಪು ಮಾಡಿಕೊಳ್ಳಿ. ಒಣ ಬಟ್ಟೆ ಅಂದಿರೋ, ನೀವು ಜಾಣೆ. ಹುಣಸೆಹಣ್ಣು ಅಂದಿರೋ, ಕೊಬ್ಬರಿ ಎಣ್ಣೆ ಅಂದಿರೋ, ಬನ್ನಿ, ನನ್ನ ಪಕ್ಕದಲ್ಲಿ ಕೂತುಕೊಳ್ಳಿ. ಈ ಕಥೆ ನಿಮಗಾಗಿಯೇ.

ನಮ್ಮದು ಚಾಮರಾಜಪೇಟೆಯ ಹಳೆಯ ಮನೆ. ನಡುಮನೆಯ ಮೂಲೆಯಲ್ಲಿ, ದೇವರ ಮನೆಯ ಗೋಡೆಗೆ ತಾಗಿದ ಹಾಗೆ, ಅತ್ತೆಯವರ ವೀಣೆ ಮಲಗಿರುತ್ತದೆ. ಹಲಸಿನ ಮರದ್ದು. ಅವರ ತಂದೆ ಬಸವನಗುಡಿಯಲ್ಲಿದ್ದಾಗ ಮಗಳಿಗೆ ಅಂತ ಮಾಡಿಸಿದ್ದು. 1972ರಲ್ಲಿ ಮದುವೆಯಾಗಿ ಈ ಮನೆಗೆ ಬಂದಾಗ ಅವರ ಜೊತೆ ಬಂದದ್ದು ಎರಡು ಟ್ರಂಕು ಮತ್ತು ಈ ವೀಣೆ. ನಾನು ಸೊಸೆಯಾಗಿ ಬಂದ ಮೇಲೆ ಅವರು ಅದನ್ನು ತಮಗೆ ಅಂತ ನುಡಿಸಿದ್ದು ಕೇಳಿದ್ದೇ ಕಮ್ಮಿ. ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಒಬ್ಬೊಬ್ಬರಾಗಿ ಹುಡುಗಿಯರು ಬರೋರು. ಸರಳೆ, ಜಂಟಿ, ಅಲಂಕಾರ, ಗೀತೆ. ಈಗ ಅವರಿಗೆ 74. ಮಂಡಿ ನೋವು. ಪಾಠಕ್ಕೆ ಬರುವವರೂ ಇಲ್ಲ. ವೀಣೆಯ ಮೇಲೆ ಒಂದು ಹಳೇ ರೇಷ್ಮೆ ಸೀರೆಯ ಹೊದಿಕೆ, ಅಷ್ಟೆ.

ನನ್ನ ಮಗನಿಗೆ ಗಿಟಾರಿನ ಹುಚ್ಚು. ಯಾರೋ ನುಡಿಸಿ ಬಿಟ್ಟ ಹಳೆಯ ಗಿಟಾರನ್ನು ಅರ್ಧ ಬೆಲೆಗೆ ತಂದುಕೊಂಡ. ತಂತಿಗಳ ಕೆಳಗಿನ ಹಲಗೆಯಲ್ಲಿ ಕೈ ಬೆವರು, ಧೂಳು ಎಲ್ಲಾ ಸೇರಿ ದೋಸೆ ಹೆಂಚಿನ ಅಂಚಿನ ಹಾಗೆ ಜಿಡ್ಡು ಕಟ್ಟಿತ್ತು. ಒಂದು ಭಾನುವಾರ ಕೂತು ತಂತಿಯೆಲ್ಲ ಬಿಚ್ಚಿ, ಮರ ಗೀಚದಂತೆ ಕಾಗದದ ಟೇಪು ಅಂಟಿಸಿ, ಲೋಹದ ಪಟ್ಟಿಗಳನ್ನು ತೀರ ಸಣ್ಣ ಎಳೆಯ ಉಕ್ಕಿನ ನಾರಿನಿಂದ ಉಜ್ಜಿದ. ಆಮೇಲೆ ಟೇಪು ಕಿತ್ತು ಆ ಬೀಟೆ ಮರಕ್ಕೆ ಎರಡು ತೊಟ್ಟು ನಿಂಬೆ ಎಣ್ಣೆ ಹಚ್ಚಿ ಒರೆಸಿದ. ಪಟ್ಟಿಗಳು ಹೊಸ ಮೂಗುತಿಯ ಹಾಗೆ ಹೊಳೆದವು! ನಾನು ಕಾಫಿ ಲೋಟ ಹಿಡಿದು ನಿಂತು ಎಲ್ಲಾ ನೋಡಿದೆ. ನೋಡಿದ್ದೇ ತಪ್ಪಾಯಿತು ನೋಡಿ.

ನವರಾತ್ರಿ ಹತ್ತಿರ ಬಂದಿತ್ತು. ಅತ್ತೆಯವರು ಮೈಸೂರಿಗೆ, ಮಗಳ ಮನೆಗೆ ಹೋಗಿದ್ದರು. ಸರಸ್ವತಿ ಪೂಜೆಯ ದಿನ ಬೆಳಿಗ್ಗೆ ಬರುವವರು. ಗೊಂಬೆ ಜೋಡಿಸಿ ಆಗಿತ್ತು. ಕಂಚು ಹಿತ್ತಾಳೆ ಎಲ್ಲಾ ಬೆಳಗಿ ಆಗಿತ್ತು. ವೀಣೆ ಮಾತ್ರ ಮಂಕಾಗಿ ಕಂಡಿತು. ಅವರು ಬರೋಷ್ಟರಲ್ಲಿ ಫಳಫಳ ಹೊಳೆಯೋ ಹಾಗೆ ಮಾಡಿ ಭೇಷ್ ಅನ್ನಿಸಿಕೊಳ್ಳೋಣ ಅಂತ ಆಸೆ. ಯಾವ ಸೊಸೆಗೆ ಇಲ್ಲ ಹೇಳಿ ಆ ಆಸೆ?

ಮೊದಲು ಒದ್ದೆ ಬಟ್ಟೆಯಲ್ಲಿ ಧೂಳು ತೆಗೆದೆ. ಮಗನ ಉಕ್ಕಿನ ನಾರು ತಂದು ತಂತಿಗಳ ಕೆಳಗೆ ಬೆರಳು ತೂರಿಸಿ ಮೆಟ್ಟಿಲುಗಳನ್ನು ಒಂದೊಂದಾಗಿ ಉಜ್ಜಿದೆ. ಮೆಟ್ಟಿಲುಗಳ ಎರಡೂ ಬದಿಗೆ ದಂಡಿಯ ಉದ್ದಕ್ಕೂ ಕಪ್ಪಗೆ ಒಣಗಿ ಬಿರುಕು ಬಿಟ್ಟ ಏಣು ಇರುತ್ತದಲ್ಲ, ಅದನ್ನು ನಾನು ಇಷ್ಟು ವರ್ಷವೂ ಮರ ಅಂತಲೇ ತಿಳಿದಿದ್ದೆ. ಪಾಪ, ಒಣಗಿದೆ ಅಂತ ಧಾರಾಳವಾಗಿ ಕೊಬ್ಬರಿ ಎಣ್ಣೆ ಸವರಿದೆ. ಎಣ್ಣೆ ಹೀರಿಕೊಳ್ಳಲಿ ಅಂತ ತಾರಸಿಯಲ್ಲಿ ಚಾಪೆ ಹಾಸಿ ಎರಡು ಗಂಟೆ ಬಿಸಿಲಿಗೆ ಇಟ್ಟೆ. ಸಂಡಿಗೆಗೆ ಇಡುವ ಹಾಗೆ! ಆಮೇಲೆ ತಂದು ಬಟ್ಟೆಯಿಂದ ಗಸಗಸ ಒರೆಸಿದೆ.

ಒರೆಸುತ್ತಿದ್ದಾಗ ಒಂದು ಮೆಟ್ಟಿಲು ನನ್ನ ಕೈ ಕೆಳಗೆ ಜರುಗಿತು.

ಎದೆ ಧಸಕ್ಕೆಂದಿತು. ಹೆಬ್ಬೆರಳಿನಿಂದ ಅದನ್ನು ಹಿಂದಕ್ಕೆ ಒತ್ತಿದೆ. ಪಕ್ಕದ್ದು ಓರೆಯಾಯಿತು. ಬೆರಳಿಗೆ ಕಪ್ಪು ಅಂಟು ಹತ್ತಿತು. ಆಗ ತಿಳೀತು, ಅದು ಮರವಲ್ಲ, ಮೇಣ. ಜೇನುಮೇಣ ಕರಗಲು ಸುಮಾರು 62ರಿಂದ 64 ಡಿಗ್ರಿ ಶಾಖ ಬೇಕು. ಮೆತ್ತಗಾಗಲು ಅಷ್ಟೆಲ್ಲ ಬೇಡ. ಕಪ್ಪು ಬಣ್ಣ ಬಿಸಿಲನ್ನು ಹೀರುತ್ತದೆ, ಮೇಲೆ ಎಣ್ಣೆ ಬೇರೆ ಮೇಣವನ್ನು ಸಡಿಲ ಮಾಡುತ್ತದೆ. ಗಿಟಾರಿನಲ್ಲಿ ಪಟ್ಟಿಗಳು ಮರದಲ್ಲಿ ಸೀಳು ಕೊರೆದು ಬಡಿದು ಕೂರಿಸಿದವು. ವೀಣೆಯ ಮೆಟ್ಟಿಲುಗಳು ಆ ಮೇಣವನ್ನು ನಂಬಿಕೊಂಡೇ ನಿಂತಿರುತ್ತವೆ. ಎರಡಕ್ಕೂ ಒಂದೇ ಮದ್ದು ಅಂತ ಹೊರಟಿದ್ದೆ ನಾನು.

ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅತ್ತೆಯವರು ಬಂದರು, ಪೂಜೆ ಆಯಿತು. ಸರಸ್ವತಿಯ ಮುಂದೆ ಇಟ್ಟ ಪುಸ್ತಕವನ್ನಾಗಲಿ ವಾದ್ಯವನ್ನಾಗಲಿ ವಿಜಯದಶಮಿಯವರೆಗೆ ಮುಟ್ಟುವ ಹಾಗಿಲ್ಲ, ನಿಮಗೇ ಗೊತ್ತಲ್ಲ. ರೇಷ್ಮೆ ಹೊದಿಕೆಯ ಕೆಳಗೆ ನನ್ನ ಗುಟ್ಟು ಭದ್ರವಾಗಿತ್ತು. ಆದರೆ ವಿಜಯದಶಮಿಯ ದಿನ ಅತ್ತೆಯವರ ಹಳೆಯ ಶಿಷ್ಯೆಯೊಬ್ಬಳು ತನ್ನ ಏಳು ವರ್ಷದ ಮಗಳನ್ನು ಕರೆತಂದು, "ಅಮ್ಮಾ, ನಿಮ್ಮ ಕೈಯಲ್ಲೇ ಮೊದಲ ಪಾಠ ಆಗಲಿ" ಅನ್ನುವವಳಿದ್ದಳು. ಆ ದಿನಗಳಲ್ಲಿ ನಾನು ಕೋಸಂಬರಿಗೆ ಎರಡು ಸಲ ಉಪ್ಪು ಹಾಕಿದೆ ಅಂದರೆ ನೀವೇ ಊಹಿಸಿ.

ವಿಜಯದಶಮಿ ಬಂತು. ಮಗು ಪಟ್ಟೆ ಲಂಗ ಉಟ್ಟು ಚಕ್ಕಳಮಕ್ಕಳ ಹಾಕಿ ಕೂತಿತು. ಅತ್ತೆಯವರು ಬಿರಡೆ ತಿರುಗಿಸಿ ಶ್ರುತಿ ಮಾಡಿ ಷಡ್ಜ ಮೀಟಿದರು. ಬಿಟ್ಟ ತಂತಿ, ಚೆನ್ನಾಗಿಯೇ ನುಡಿಯಿತು. ಆಮೇಲೆ ಮೊದಲ ಮೆಟ್ಟಿಲ ಮೇಲೆ ರಿಷಭ, ನಾಲ್ಕನೆಯದರ ಮೇಲೆ ಗಾಂಧಾರ... ಸಂಗೀತ ಬಾರದ ನನಗೂ ತಿಳಿಯಿತು. ಹುಳಿ ಬಿದ್ದ ಹಾಲಿನ ಹಾಗೆ ಒಡೆದ ಸ್ವರ, ಜೊತೆಗೆ ಜುರ್ ಅಂತ ಸದ್ದು. ಅತ್ತೆಯವರು ಒಂದು ಸಲ ಮೆಟ್ಟಿಲುಗಳನ್ನು ನೋಡಿದರು. ನನ್ನನ್ನು ನೋಡಲಿಲ್ಲ. "ಪುಟ್ಟೀ, ಇವತ್ತು ಬಾಯಲ್ಲಿ ಹೇಳೋಣ, ಕೈ ಆಮೇಲೆ" ಅಂತ ಮಗುವಿನ ಕೈಯನ್ನು ತಂತಿಯ ಮೇಲೆ ಒಂದು ಗಳಿಗೆ ಇಡಿಸಿ, ಸರಳೆಯನ್ನು ಹಾಡಿಯೇ ಹೇಳಿಕೊಟ್ಟು ಕಳಿಸಿದರು. ಅವರು ಹೋದ ಮೇಲೆ ಅಂದದ್ದು ಇಷ್ಟೆ: "ಮೇಳ ಕಟ್ಟಿಸಬೇಕು ಕಣಮ್ಮ. ತುಂಬಾ ವರ್ಷ ಆಯ್ತು."

ನಮ್ಮವರು, "ಈ ವಯಸ್ಸಿನಲ್ಲಿ ಅಮ್ಮನಿಗೆ ಯಾಕೆ, ಯಾರು ನುಡಿಸ್ತಾರೆ ಇನ್ನು" ಅಂದರು. ಖರ್ಚು ನಮ್ಮ ಒಂದು ತಿಂಗಳ ದಿನಸಿಯಷ್ಟು. ನಾನು ಮಾತಾಡದೆ ಚೀಟಿ ಹಣ ತೆಗೆದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು, ಇನ್ನು ಚರ್ಚೆ ಎಲ್ಲಿಂದ!

ವಾದ್ಯಗಳ ಕೆಲಸ ಅಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಬಳೇಪೇಟೆ. ತಬಲ, ಮೃದಂಗ, ಹಾರ್ಮೋನಿಯಂ, ತಂಬೂರಿ ಎಲ್ಲಾ ಅಲ್ಲೇ. ಚಾಮರಾಜಪೇಟೆಯಿಂದ ಆಟೋದಲ್ಲಿ ದೂರವೇನಲ್ಲ. ಆದರೆ ವೀಣೆಯನ್ನು ಆಟೋದಲ್ಲಿ ಒಯ್ಯುವುದು ಬಾಣಂತಿಯನ್ನು ಕರೆದೊಯ್ದ ಹಾಗೆ. ನಾನು ಕೊಡವನ್ನು ಮಡಿಲಲ್ಲಿ ಇಟ್ಟುಕೊಂಡೆ, ಮಗ ಯಾಳಿ ಮುಖದ ಕಡೆ ಹಿಡಿದ. ಪ್ರತಿ ಗುಂಡಿಗೂ "ನಿಧಾನ ಅಣ್ಣಾ, ನಿಧಾನ" ಅಂತ ನನ್ನ ಮಂತ್ರ.

ಕೆಲಸಗಾರರು ಅರವತ್ತು ದಾಟಿದವರು. ಓಣಿಯೊಳಗೆ ಒಂದೇ ಕೋಣೆ, ಕೆಳಗೆ ಗೋಣಿ ಹಾಸಿ ಕೂತಿದ್ದರು. ಹೊದಿಕೆ ತೆಗೆದು ಮೂಗನ್ನು ಹತ್ತಿರ ತಂದು ಮೂಸಿದರು. ಏನೂ ಅನ್ನಲಿಲ್ಲ. ಕನ್ನಡಕ ಏರಿಸಿ ಮೆಟ್ಟಿಲುಗಳ ಮೇಲೆ ಉಗುರು ಆಡಿಸುತ್ತಾ ಹೋದರು. "ಅಮ್ಮಾ, ಇದನ್ನ ನುಡಿಸೋರು ಪಾಠ ಹೇಳ್ತಿದ್ರಾ?" ಅಂದರು.

"ಹೂಂ, ಇಪ್ಪತ್ತು ಇಪ್ಪತ್ತೈದು ವರ್ಷ ಹೇಳಿದ್ದಾರೆ. ನಿಮಗೆ ಹೇಗೆ ಗೊತ್ತಾಯ್ತು?"

ಅವರು ನನ್ನ ಬೆರಳು ಹಿಡಿಯದೆ, ಒಂದು ಕಡ್ಡಿಯಿಂದ ತೋರಿಸಿದರು. ವೀಣೆಗೆ 24 ಮೆಟ್ಟಿಲು, ಎರಡು ಸ್ಥಾಯಿಗೆ ಹನ್ನೆರಡು ಹನ್ನೆರಡು. 17ನೇ ಶತಮಾನದಲ್ಲಿ ತಂಜಾವೂರಿನ ರಘುನಾಥ ನಾಯಕನ ಕಾಲದಿಂದ ಹೀಗೆ ನೆಲೆ ನಿಂತಿತು ಅನ್ನುತ್ತಾರೆ. ಕಂಚಿನ ಮೆಟ್ಟಿಲು ಎಷ್ಟೇ ಗಟ್ಟಿ ಇದ್ದರೂ ಉಕ್ಕಿನ ತಂತಿ ಒತ್ತಿ ಒತ್ತಿ ಅದರಲ್ಲಿ ಗೀರು ಬೀಳುತ್ತದೆ. ಈ ವೀಣೆಯಲ್ಲಿ ಗೀರು ಬಿದ್ದದ್ದು ಒಂದು, ನಾಲ್ಕು, ಐದು, ಏಳು, ಎಂಟು, ಹನ್ನೊಂದು, ಹನ್ನೆರಡು. ಅವುಗಳಲ್ಲಿ ಬಳೆಯ ಅಂಚು ಇಳಿಯುವಷ್ಟು ಆಳ. ಎರಡು, ಮೂರು, ಆರು, ಒಂಬತ್ತು, ಹತ್ತು ಹೆಚ್ಚು ಕಮ್ಮಿ ಹಾಗೇ ಇವೆ. ಹನ್ನೆರಡರಿಂದ ಆಚೆಗೆ, ಮೇಲಿನ ಸ್ಥಾಯಿಯವಂತೂ ನಿನ್ನೆ ಕೂರಿಸಿದ ಹಾಗಿವೆ.

"ಸವೆದಿರೋದೆಲ್ಲ ಮಾಯಾಮಾಳವಗೌಳದ ಮನೆಗಳು ತಾಯಿ. ಸರಳೆ ಹೇಳೋ ರಾಗ" ಅಂದರು.

ಪುರಂದರದಾಸರು ಎಳೆಯರಿಗೆ ಅಂತ ಆರಿಸಿದ ರಾಗ ಅದು ಅನ್ನುವುದು ವಾಡಿಕೆ. ಮುಂದೆ ಕಲಿಸುವ ಮಲಹರಿಯ ಗೀತೆಗಳಿಗೂ ಅವೇ ಮನೆಗಳು. ನಮ್ಮ ಹುಡುಗಿಯರು ಅಲ್ಲಿಗೆ ಬರುವಷ್ಟರಲ್ಲಿ ಒಂಬತ್ತನೇ ಕ್ಲಾಸು, ಟ್ಯೂಷನ್ನು, ಪಾಠ ನಿಂತು ಹೋಗುತ್ತದೆ. ಇನ್ನೊಬ್ಬಳು ಬರುತ್ತಾಳೆ, ಮತ್ತೆ ಮೊದಲಿನಿಂದ ಸ ರಿ ಗ ಮ. ನಾನು ಆ ಗೋಣಿಯ ಮೇಲೆ ಕೂತು ಲೆಕ್ಕ ಹಾಕಿದೆ. ಮಾವನವರು ಇದ್ದ ಕಾರ್ಖಾನೆ ಮುಚ್ಚಿದ ಮೇಲೆ ಈ ಸಂಜೆಯ ಪಾಠದ ದುಡ್ಡಿನಲ್ಲೇ ಮೂವರು ಮಕ್ಕಳ ಶಾಲೆಯ ಫೀಜು ನಡೆದದ್ದು, ನಮ್ಮವರದ್ದೂ ಸೇರಿ. ಅತ್ತೆಯವರು ಹುಡುಗಿಯಾಗಿದ್ದಾಗ ಆಕಾಶವಾಣಿಯಲ್ಲಿ ದೊರೆಸ್ವಾಮಿ ಅಯ್ಯಂಗಾರರ ವೀಣೆ ಬಂದರೆ ಊಟದ ತಟ್ಟೆ ಬಿಟ್ಟು ಏಳುತ್ತಿದ್ದರಂತೆ. ಕೋಟೆ ಹೈಸ್ಕೂಲಿನ ಮೈದಾನದಲ್ಲಿ 1939ರಿಂದ ನಡೆದು ಬಂದ ರಾಮನವಮಿ ಸಂಗೀತೋತ್ಸವಕ್ಕೆ ತಂದೆಯ ಜೊತೆ ಹೋಗಿ ನಿದ್ದೆ ಬಂದರೂ ಏಳುತ್ತಿರಲಿಲ್ಲವಂತೆ. ವಿದ್ವತ್ ಪರೀಕ್ಷೆಗೆ ಕೂರುವವರಿದ್ದರಂತೆ. ಇದೆಲ್ಲ ನನಗೆ ಗೊತ್ತಿತ್ತು, ಮಾತಿನಲ್ಲಿ. ಆರನೇ ಮೆಟ್ಟಿಲು, ಅದು ಪ್ರತಿ ಮಧ್ಯಮದ ಮನೆ, ಕಲ್ಯಾಣಿಗೆ ಬೇಕಾದದ್ದು, ಗೀರಿಲ್ಲದೆ ನುಣ್ಣಗೆ ಹೊಳೆಯುತ್ತಿತ್ತು. ನಾನು ಉಕ್ಕಿನ ನಾರಿನಲ್ಲಿ ಉಜ್ಜಿದಾಗ, ಇದೊಂದು ಎಷ್ಟು ಚೆನ್ನಾಗಿ ಹೊಳೆಯುತ್ತೆ ಅಂತ ಸಂತೋಷಪಟ್ಟಿದ್ದೆ.

ಆಗ ಕಣ್ಣಲ್ಲಿ ನೀರು ಬಂತು ಅಂದರೆ ನೀವು ನಗಬೇಡಿ. ಕೆಲಸಗಾರರು ನೋಡಿಯೂ ನೋಡದವರ ಹಾಗೆ ಒಲೆ ಹಚ್ಚಿದರು.

ಮೇಳ ಕಟ್ಟುವುದನ್ನು ನೀವು ನೋಡಬೇಕು, ಥೇಟ್ ಅಡುಗೆ ಮನೆಯ ಕೆಲಸ. ಮೊದಲು 24 ಮೆಟ್ಟಿಲನ್ನೂ ಕಿತ್ತು ಸಾಲಾಗಿ ಜೋಡಿಸಿಟ್ಟರು, ಒಂದೂ ಅದಲು ಬದಲಾಗದಂತೆ. ನನ್ನ ಎಣ್ಣೆ ಕುಡಿದ ಹಳೆಯ ಮೇಣವನ್ನೆಲ್ಲ ಕೆರೆದು ತೆಗೆದರು. "ಇದು ಇನ್ನು ಗಟ್ಟಿಯಾಗಲ್ಲ ಅಮ್ಮ, ಎಸೀಬೇಕು" ಅಂದರು. ಹೊಸದಕ್ಕೆ ಜೇನುಮೇಣ, ರಾಳ, ನುಣ್ಣಗೆ ಅರೆದ ಇದ್ದಿಲ ಪುಡಿ. ಬರೀ ಮೇಣವಾದರೆ ಬೇಸಗೆಯಲ್ಲಿ ಜಾರುತ್ತದೆ. ರಾಳ ಹೆಚ್ಚಾದರೆ ಚಳಿಗಾಲದಲ್ಲಿ ಬಿರಿಯುತ್ತದೆ. ಎಷ್ಟು ಹಾಕ್ತೀರಿ ಅಂದೆ. "ನೀವು ಮೈಸೂರು ಪಾಕಕ್ಕೆ ತುಪ್ಪ ಎಷ್ಟು ಹಾಕ್ತೀರಿ? ಹಾಗೇ, ಹದ ನೋಡ್ಕೊಂಡು" ಅಂದರು. ಸಣ್ಣ ಉರಿಯಲ್ಲಿ ಕರಗಿಸಿ, ಆರುತ್ತಿದ್ದಂತೆ ಕೋಡುಬಳೆ ಹಿಟ್ಟಿನ ಹಾಗೆ ನಾದಿ, ಉದ್ದಕ್ಕೆ ಹೊಸೆದು, ದಂಡಿಯ ಎರಡು ಬದಿಗೂ ಒತ್ತಿ ಏಣು ಕಟ್ಟಿದರು. ಕಣ್ಣಳತೆಯಲ್ಲೇ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುತ್ತಿದ್ದರು.

ಮೆಟ್ಟಿಲುಗಳ ಸರದಿ ಆಮೇಲೆ. ಗೀರಿದ್ದವನ್ನು ಅರದಿಂದ ಉಜ್ಜಿ ಮಟ್ಟ ಮಾಡಿ ತಲೆಯನ್ನು ದುಂಡಗೆ ನಯ ಮಾಡಿದರು. ಗೀರು ಉಳಿದರೆ ತಂತಿ ಅದರೊಳಗೆ ಕೂತು ನಾದ ಕಟ್ಟುತ್ತದೆ, ಗಮಕಕ್ಕೆ ತಂತಿ ಎಳೆದರೆ ಸಿಕ್ಕಿಕೊಳ್ಳುತ್ತದೆ. ನಾಲ್ಕನೆಯದು, ಏಳನೆಯದು, ಅಂದರೆ ಗಾಂಧಾರ ಮತ್ತು ಪಂಚಮ, ಉಜ್ಜಲಾರದಷ್ಟು ಸವೆದಿದ್ದವು. ಹೊಸದು ಹಾಕಿ, ಹಳೆಯವೆರಡನ್ನು ಕಾಗದದಲ್ಲಿ ಸುತ್ತಿ ನನಗೆ ಕೊಟ್ಟರು. "ನಾಳೆ ಅವರನ್ನ ಕರ್ಕೊಂಡು ಬನ್ನಿ, ಸ್ವರ ಅವರೇ ಒಪ್ಪಬೇಕು" ಅಂದರು.

ಮಾರನೆಯ ದಿನ ಅತ್ತೆಯವರು ಮಂಡಿಗೆ ಪಟ್ಟಿ ಕಟ್ಟಿಕೊಂಡು ಬಂದರು. ಅವರಿಗೊಂದು ಸ್ಟೂಲು. ತಂತಿ ಏರಿಸಿ ತಂಬೂರಿಯ ಶ್ರುತಿ ಇಟ್ಟು, ಒಂದೊಂದು ಮೆಟ್ಟಿಲನ್ನೂ ಬೆಚ್ಚಗೆ ಮಾಡಿ ಮೇಣದಲ್ಲಿ ಕೂರಿಸುತ್ತಾ ಮೀಟಿ ಕೇಳಿ ಹಿಂದೆ ಮುಂದೆ ಸರಿಸುತ್ತಾ ಹೋದರು. ನಾಲ್ಕನೆಯದಕ್ಕೆ ಬಂದಾಗ ನನ್ನ ಮಗ ಫೋನು ತೆಗೆದ. ಅದರಲ್ಲಿ ಸ್ವರ ಅಳೆಯುವ ಮುಳ್ಳು ಇದೆಯಲ್ಲ. "ತಾತ, ಗಾಂಧಾರ ಸ್ವಲ್ಪ ಇಳಿದಿದೆ, ಇಲ್ಲಿ ನೋಡಿ."

ಕೆಲಸಗಾರರು ಅತ್ತೆಯವರ ಮುಖ ನೋಡಿದರು. ಅತ್ತೆಯವರು ಕಣ್ಣು ಮುಚ್ಚಿದ್ದರು. "ಇಳಿದಿಲ್ಲ. ಏರಿದೆ. ಇನ್ನೊಂದು ಎಳ್ಳಷ್ಟು ಇಳಿಸಿ."

ಇಳಿಸಿದರು. ಫೋನಿನ ಮುಳ್ಳು ಇನ್ನೂ ಕೆಳಗೆ ಹೋಯಿತು. ಆದರೆ ಮೀಟಿದ ತಂತಿಯೂ ತಂಬೂರಿಯೂ ಒಂದರೊಳಗೊಂದು ಸೇರಿ ಕೋಣೆಯೆಲ್ಲ ತುಂಬಿದ ಹಾಗಾಯಿತು. ಇದರ ಗುಟ್ಟನ್ನು ಮಗ ಆಮೇಲೆ ಓದಿ ತಿಳಿದುಕೊಂಡು ನನಗೆ ಹೇಳಿದ. ಗಿಟಾರಿನ ಪಟ್ಟಿಗಳು ಒಂದು ಸ್ಥಾಯಿಯನ್ನು ಸರಿಸಮವಾಗಿ ಹನ್ನೆರಡು ಪಾಲು ಮಾಡಿ ಕೂರಿಸಿದವು, ಫೋನಿನ ಲೆಕ್ಕವೂ ಅದೇ. ತಂಬೂರಿಯ ಷಡ್ಜದೊಳಗಿಂದ ತಾನಾಗಿ ಹುಟ್ಟುವ ಗಾಂಧಾರ, ಸ್ವಯಂಭೂ ಗಾಂಧಾರ ಅನ್ನುತ್ತಾರೆ, ಅದು ಆ ಸಮಪಾಲಿಗಿಂತ ಚೂರು ಕೆಳಗೆ ನಿಲ್ಲುತ್ತದೆ. ಅತ್ತೆಯವರು ಇದನ್ನು ಯಾವ ಪುಸ್ತಕದಲ್ಲೂ ಓದಿದವರಲ್ಲ. "ಫೋನಿಗೆ ಕಿವಿ ಇದೆಯೇನೋ?" ಅಂದರು ಮೊಮ್ಮಗನಿಗೆ. ಆ ಮುದುಕರು ನಕ್ಕದ್ದು ಆ ಎರಡು ದಿನದಲ್ಲಿ ಅದೊಂದೇ ಸಲ.

ಹಿಂದಿರುಗುವಾಗ ಆಟೋದಲ್ಲಿ ನಾನು ಗಂಟಲು ಸರಿಮಾಡಿಕೊಂಡು, "ಅತ್ತೆ, ಒಂದು ವಿಷಯ..." ಅಂದೆ.

"ಎಣ್ಣೆ ತಾನೆ? ಪೂಜೆ ದಿನವೇ ಗೊತ್ತಾಯ್ತು. ಮಂಗಳಾರತಿಗೆ ಬಗ್ಗಿದ್ರೆ ಸರಸ್ವತಿ ಎದುರು ತಲೆ ಬಾಚ್ಕೊಂಡ ವಾಸನೆ."

"ಮತ್ತೆ ನೀವು ಯಾಕೆ ಕೇಳಲಿಲ್ಲ?"

"ಕೇಳಿದ್ರೆ ಮೇಳ ಕಟ್ಟಿಸ್ತಿದ್ಯಾ? ಅತ್ತು ಕರೆದು ಬಿಡ್ತಿದ್ದೆ. ಅದು ಹಾಳಾಗಿ ಹತ್ತು ವರ್ಷ ಆಗಿತ್ತು ಕಣೇ. ಕೇಳೋಕ್ಕೆ ನನಗೇ ಮನಸ್ಸು ಬರ್ಲಿಲ್ಲ, ಖರ್ಚು ಅಂತ."

ನಾನು ಕಾಗದದ ಪೊಟ್ಟಣ ತೋರಿಸಿ, ಈ ಹಳೇ ಮೆಟ್ಟಿಲು ಏನು ಮಾಡಲಿ ಅಂದೆ. ಅವರು ಬಿಚ್ಚಿ ಗೀರಿನ ಮೇಲೆ ಹೆಬ್ಬೆರಳು ಆಡಿಸಿದರು. "ಬಿಸಾಕು" ಅಂದರು. ನಾನು ಬಿಸಾಕಲಿಲ್ಲ, ನನ್ನ ಹೊಲಿಗೆ ಡಬ್ಬಿಯಲ್ಲಿ ಗುಂಡಿಗಳ ಜೊತೆ ಇವೆ.

ನಿಮ್ಮ ಮನೆಯ ವೀಣೆಗೆ ನೀವು ಮಾಡಬೇಕಾದದ್ದು ಬಹಳ ಕಮ್ಮಿ. ನುಡಿಸಿ ಆದ ಮೇಲೆ ಒಣಗಿದ ಮೆತ್ತನೆ ಹತ್ತಿ ಬಟ್ಟೆಯಿಂದ ತಂತಿ, ಮೆಟ್ಟಿಲು ಒರೆಸಿ, ಬೆರಳಿನ ಬೆವರು ಉಳಿಯಬಾರದು. ಧೂಳಿಗೆ ಹೊಸ ಬಣ್ಣದ ಬ್ರಷ್ಷು ಸಾಕು. ನೀರು, ಹುಣಸೆಹಣ್ಣು, ಪಾತ್ರೆ ಪುಡಿ, ಯಾವ ಎಣ್ಣೆಯೂ ಬೇಡ. ಬಿಸಿಲು ಬೀಳುವ ಕಿಟಕಿಯ ಹತ್ತಿರ, ಒಲೆಯ ಗೋಡೆಯ ಪಕ್ಕ ಇಡಬೇಡಿ. ಮೇಣ ಬಿರಿದಿದ್ದರೆ, ಮೆಟ್ಟಿಲು ಜುರ್ ಅಂದರೆ, ಬಲ್ಲವರ ಕೈಗೆ ಕೊಡಿ. ಕೊಡುವ ಮುಂಚೆ ಯಾವ ಮೆಟ್ಟಿಲು ಸವೆದಿದೆ, ಯಾವುದು ಸವೆದಿಲ್ಲ ಅಂತ ಒಂದು ಸಲ ಬೆರಳಿಟ್ಟು ನೋಡಿ.

ಅವತ್ತು ಸಂಜೆ ನಾನು ಸಾರಿಗೆ ಬೇಳೆ ಇಟ್ಟು ಹುಣಸೆಹಣ್ಣು ಕಿವುಚುತ್ತಿದ್ದೆ. ನಡುಮನೆಯಿಂದ ಮೊದಲು ಬಿರಡೆಯ ಕಿರ್ ಸದ್ದು, ಆಮೇಲೆ ಬೈಗಳು: "ಕೈ ಕಲ್ಲಾಗಿದೆ", "ಈ ಮೆಟ್ಟಿಲು ಎತ್ತರ ಮಾಡಿಬಿಟ್ಟಿದಾನೆ". ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಶುರುವಾಯಿತು. ಸರಳೆಯಲ್ಲ. ಬೆರಳು ಅಲ್ಲಲ್ಲಿ ತಡವರಿಸುತ್ತಿತ್ತು, ಒಂದು ಜಾಗದಲ್ಲಿ ನಿಂತೇ ಹೋಯಿತು, ಮತ್ತೆ ಹಿಂದಿನಿಂದ ಎತ್ತಿಕೊಂಡರು. ಮಗ ಗಿಟಾರು ಪಕ್ಕಕ್ಕಿಟ್ಟು ಬಾಗಿಲಲ್ಲಿ ಬಂದು ನಿಂತ. "ಅಮ್ಮಾ, ಅಜ್ಜಿ ಕಲ್ಯಾಣಿ ನುಡಿಸ್ತಿದಾರೆ" ಅಂತ ಪಿಸುಗುಟ್ಟಿದ. ನಾನು ಕೈಯಲ್ಲಿ ಹುಣಸೆ ರಸ ಸೋರುತ್ತಿದ್ದ ಹಾಗೇ ನಿಂತೆ. ಕುಕ್ಕರು ಎಷ್ಟು ಸಲ ಕೂಗಿತೋ ಗೊತ್ತಿಲ್ಲ. ಆ ರಾತ್ರಿ ಸಾರಿನಲ್ಲಿ ಬೇಳೆ ಹುಡುಕಿದರೂ ಸಿಗಲಿಲ್ಲ.